ಬರದ ನೆಲಕ್ಕೆ ಬೇಕಾದ ವೈರಿಂಗ್

ಕರೆಂಟು ಮಿತಿ ಮೀರಿದರೆ ಕಡಿಯುವ ಒಂದು ಎಂಸಿಬಿ ಕೂರಿಸಿ, ಅಂಗಳದಲ್ಲಿ ಅರ್ಥಿಂಗ್ ಗುಂಡಿ ತೋಡಿಸಿದರೆ ಮನೆಯ ವೈರಿಂಗ್ ಭದ್ರವಾಯಿತು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ವಳಸಂಗದಂಥ ಮಳೆ ಕಡಿಮೆಯ ಊರಿಗೆ ಈ ಪದ್ಧತಿ ಸಾಲದು. ಅರ್ಥಿಂಗ್ ಕೆಲಸ ಮಾಡುವುದು ಮಣ್ಣಿನ ತೇವದಿಂದ. ಬೇಸಿಗೆಯಲ್ಲಿ ನೆಲ ಒಣಗಿದಂತೆ ಅದರ ಪ್ರತಿರೋಧ ಏರುತ್ತದೆ. ಆ ಪ್ರತಿರೋಧ 20 ಓಮ್ ಇದೆ ಎಂದುಕೊಳ್ಳೋಣ. ಮಿಕ್ಸರಿನ ಲೋಹದ ಮೈಗೆ 230 ವೋಲ್ಟ್ ತಗುಲಿದರೆ ನೆಲಕ್ಕೆ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ, ಯಂತ್ರದ ಮೈಯಲ್ಲಿ ಕರೆಂಟ್ ಹಾಗೆಯೇ ಉಳಿಯುತ್ತದೆ. ನೆಲಕ್ಕೆ ಸೋರುವ ಕರೆಂಟನ್ನು ಗುರುತಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯಾದರೆ ಪ್ರತಿರೋಧ 200 ಓಮಿಗೆ ಏರಿದರೂ ಕ್ಷಣಾರ್ಧದಲ್ಲಿ ಕರೆಂಟ್ ಕಡಿಯುತ್ತದೆ. ನೆಲ ಒಣಗಿದಷ್ಟೂ ಈ ಸಾಧನ ಹೆಚ್ಚು ಅಗತ್ಯ. ಹಾಗೆಂದು ಅರ್ಥಿಂಗ್ ಬಿಡುವಂತಿಲ್ಲ. ಅದಿಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆಯೇ ಆರ್‌ಸಿಸಿಬಿಗೆ ಸೋರಿಕೆ ತಿಳಿಯುವುದು.

ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ, ಇಡೀ ಮನೆ ಕತ್ತಲಾಗುತ್ತದೆ ಎಂಬ ದೂರಿನಲ್ಲಿ ಸತ್ಯವಿದೆ. ಆದರೆ ತಪ್ಪು ಸಾಧನದ್ದಲ್ಲ, ಎಲ್ಲವನ್ನೂ ಒಂದೇ ಸರ್ಕಿಟ್ಟಿಗೆ ಹೊಂದಿಸಿದ್ದರದು. ದೀಪ-ಫ್ಯಾನು, ಸಾಕೆಟ್ಟುಗಳು, ನೀರು ಕಾಯಿಸುವ ಹೀಟರ್, ಮೋಟಾರು ಇವನ್ನು ಬೇರೆ ಬೇರೆ ಸರ್ಕಿಟ್ಟಾಗಿಸಿ, ದೀಪಗಳಿಗೆ ಒಂದು, ಉಳಿದವಕ್ಕೆ ಇನ್ನೊಂದು ಆರ್‌ಸಿಸಿಬಿ ಕೊಟ್ಟರೆ ಒದ್ದೆ ಮೋಟಾರಿನ ಸೋರಿಕೆಗೆ ಮನೆಯೆಲ್ಲ ಕತ್ತಲಾಗದು. ಖರ್ಚು ಹೆಚ್ಚುತ್ತದೆ, ನಿಜ. ಆದರೆ ಗೋಡೆಗೆ ಗಿಲಾವು ಆಗುವ ಮೊದಲು ಮಾಡಿಸಿದರೆ ಆ ಖರ್ಚು ಕಡಿಮೆ, ಆಮೇಲೆ ಗೋಡೆ ಒಡೆದು ಮಾಡಿಸುವುದು ದುಬಾರಿ.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ. ಸಡಿಲವಾದ ಜೋಡಣೆ ಕಾದು ಕೆಂಪಾಗುವಾಗ ಕರೆಂಟು ಮಿತಿ ಮೀರುವುದಿಲ್ಲ, ನೆಲಕ್ಕೂ ಸೋರುವುದಿಲ್ಲ. ಹಾಗಾಗಿ ಎಂಸಿಬಿ, ಆರ್‌ಸಿಸಿಬಿ ಎರಡಕ್ಕೂ ಅದರ ಸುಳಿವು ಸಿಗದು. ಮಲಗಿದವರನ್ನು ಎಬ್ಬಿಸಬಲ್ಲದ್ದು ಹೊಗೆ ಅಲಾರಂ ಒಂದೇ. ಕಟ್ಟಿಗೆ ಒಲೆಯ ಹೊಗೆಗೆ, ರೊಟ್ಟಿ ಸುಡುವಾಗಿನ ಹೊಗೆಗೆ ಅದು ದಿನವೂ ಕೂಗುತ್ತದೆ ಎಂಬ ಆಕ್ಷೇಪ ಸರಿಯೇ. ಅದಕ್ಕಾಗಿ ಅಡುಗೆಮನೆಯಲ್ಲಿ ಶಾಖಕ್ಕೆ ಕೂಗುವ ಅಲಾರಂ ಇರಲಿ, ಹೊಗೆ ಅಲಾರಂ ಮಲಗುವ ಕೋಣೆಯ ಮಾಳಿಗೆಗೆ ಬರಲಿ. ಕರೆಂಟಿನಿಂದ ನಡೆಯುವ ಅಲಾರಮಿಗೆ ಪ್ರತ್ಯೇಕ ಸರ್ಕಿಟ್ಟೇ ಕ್ಷೇಮ ಎನ್ನುವವರೂ ಇದ್ದಾರೆ. ಆದರೆ ಆ ಸರ್ಕಿಟ್ಟಿನ ಎಂಸಿಬಿ ಬಿದ್ದರೆ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದಿರಬಹುದು. ದಿನವೂ ಹಚ್ಚುವ ದೀಪದ ಸರ್ಕಿಟ್ಟಿಗೆ ಸೇರಿಸಿದರೆ ಅದೇ ಸಂಜೆ ಗೊತ್ತಾಗುತ್ತದೆ. ಕರೆಂಟ್ ಹೋಗುವ ಊರುಗಳಲ್ಲಿ ಅಲಾರಮಿಗೆ ಬ್ಯಾಟರಿ ಬೇಕೇ ಬೇಕು.

ಎಲ್ಲವನ್ನೂ ಒಮ್ಮೆಗೇ ಮಾಡಿಸಲಾಗದವರು ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಆಮೇಲೆ ಸರ್ಕಿಟ್ಟುಗಳ ವಿಂಗಡಣೆ ಮಾಡಿಸಲಿ. ಬ್ಯಾಟರಿಯ ಹೊಗೆ ಅಲಾರಮಿಗೆ ವೈರಿಂಗ್ ಬೇಕಿಲ್ಲ, ಅದನ್ನು ಇಂದೇ ಹಾಕಬಹುದು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ. ಆರ್‌ಸಿಸಿಬಿ ಮತ್ತು ಅಲಾರಂ ಎರಡರ ಟೆಸ್ಟ್ ಗುಂಡಿಯನ್ನೂ ತಿಂಗಳಿಗೊಮ್ಮೆ ಒತ್ತಿ ನೋಡಿ.