ಸೆಪ್ಟೆಂಬರ್ 17ರ ರೇಡಿಯೋ: ಮಾತಾಡಿದವರು ಮತ್ತು ಕೇಳಿಸಿಕೊಂಡವರು

1948ರ ಸೆಪ್ಟೆಂಬರ್ 17, ಶುಕ್ರವಾರ. ಜುಮ್ಮಾ ದಿನ. ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂದು ಐದನೆಯ ದಿನ. ಅವತ್ತು ಡೆಕ್ಕನ್ ರೇಡಿಯೋದಲ್ಲಿ ಪ್ರಧಾನಿ ಮೀರ್ ಲಾಯಕ್ ಅಲಿ ತಮ್ಮ ಸಂಪುಟದ ರಾಜೀನಾಮೆ ಪ್ರಕಟಿಸಿದರು. ಸಂಜೆ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಖುದ್ದಾಗಿ ಮೈಕಿನ ಮುಂದೆ ಬಂದರು. ಯುದ್ಧ ನಿಂತಿತು, ರಜಾಕಾರರ ಸಂಘಟನೆ ಮುಗಿಯಿತು.

ಈ ದಿನವನ್ನು ನಾವು ಪರೀಕ್ಷೆಗೆ ಬರುವ ಒಂದು ತಾರೀಖಿನ ಹಾಗೆ ಓದುತ್ತೇವೆ. ಒಮ್ಮೆ ಒಂದು ಪಠ್ಯದ ಹಾಗೆ ಓದಿ ನೋಡಿ. ಯಾರು ಮಾತಾಡಿದರು ಎಂಬುದು ಎಲ್ಲರಿಗೂ ಗೊತ್ತು. ಯಾರಿಗೆ ಕೇಳಿಸಿತು?

ಆ ದಿನಗಳ ಬಗ್ಗೆ ಹೆಚ್ಚು ಉಲ್ಲೇಖವಾಗುವ ಎರಡು ಪುಸ್ತಕಗಳಿವೆ. ಒಂದು, ಭಾರತ ಸರಕಾರದ ಏಜೆಂಟ್ ಜನರಲ್ ಆಗಿದ್ದ ಕೆ.ಎಂ. ಮುನ್ಷಿಯವರ ‘ದಿ ಎಂಡ್ ಆಫ್ ಆ್ಯನ್ ಎರಾ’ (1957). ಇನ್ನೊಂದು, ಪಾಕಿಸ್ತಾನಕ್ಕೆ ಹೋದ ಮೇಲೆ ಲಾಯಕ್ ಅಲಿ ಬರೆದ ‘ಟ್ರ್ಯಾಜಿಡಿ ಆಫ್ ಹೈದರಾಬಾದ್’ (1962). ಒಬ್ಬರಿಗೆ ಅದು ಒಂದು ಯುಗದ ಕೊನೆ, ಇನ್ನೊಬ್ಬರಿಗೆ ದುರಂತ. ಹೆಸರುಗಳೇ ಜಗಳಕ್ಕೆ ನಿಂತಿವೆ. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಂದೇ: ಇಬ್ಬರೂ ಅಧಿಕಾರದ ಕೋಣೆಯೊಳಗಿಂದ ಬರೆದವರು. ಯಾರು ಯಾರಿಗೆ ಏನು ಹೇಳಿದರು, ಯಾವ ಪತ್ರಕ್ಕೆ ಯಾವಾಗ ಸಹಿ ಬಿತ್ತು, ಇದೆಲ್ಲ ಅಲ್ಲಿ ಸಿಗುತ್ತದೆ. ಬೀದರಿನ ಒಂದು ಹಳ್ಳಿಯಲ್ಲಿ ಆ ರಾತ್ರಿ ಜನ ಹೇಗೆ ಮಲಗಿದರು ಎಂಬುದಕ್ಕೆ ಆ ಪುಸ್ತಕಗಳಲ್ಲಿ ಜಾಗವಿಲ್ಲ.

ಇಲ್ಲಿ ರೇಡಿಯೋದ ಬಗ್ಗೆಯೇ ಸ್ವಲ್ಪ ಯೋಚಿಸಬೇಕು. ಅದೇ ಕಾಲದ ಬ್ರಿಟನ್ನಿನಲ್ಲಿ ರೇಡಿಯೋ ಲೈಸೆನ್ಸುಗಳು ಒಂದು ಕೋಟಿ ದಾಟಿದ್ದವು. ಬಿಬಿಸಿಯ ರಾತ್ರಿ ಒಂಬತ್ತರ ವಾರ್ತೆಯನ್ನು ದೇಶವೇ ಕೂತು ಕೇಳುತ್ತಿತ್ತು ಅಂದರೆ ಅದು ದೊಡ್ಡ ಉತ್ಪ್ರೇಕ್ಷೆಯಲ್ಲ. ನಮ್ಮಲ್ಲಿ? 1947ರಲ್ಲಿ ಇಡೀ ಭಾರತದಲ್ಲಿ ಇದ್ದ ರೇಡಿಯೋಗಳು ಸುಮಾರು 2.75 ಲಕ್ಷ. ಹೈದರಾಬಾದ್ ಸಂಸ್ಥಾನ ಒಂದರ ಜನಸಂಖ್ಯೆಯೇ ಒಂದೂವರೆ ಕೋಟಿಗಿಂತ ಹೆಚ್ಚು. ರಾಜ್ಯದ ಆಡಳಿತ ಭಾಷೆ ಉರ್ದು. ಜನರಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ಮರಾಠಿ, ಕನ್ನಡ. ಹಾಗಾಗಿ ‘ನಿಜಾಮರು ಪ್ರಜೆಗಳಿಗೆ ತಿಳಿಸಿದರು’ ಅಂತ ಪುಸ್ತಕದಲ್ಲಿ ಓದುವಾಗ ಆ ‘ಪ್ರಜೆಗಳು’ ಎಂಬ ಪದದ ಮೇಲೆ ಬೆರಳಿಟ್ಟು ನಿಲ್ಲಿ. ರೇಡಿಯೋ ಇದ್ದದ್ದು ಕೆಲವರ ಮನೆಯಲ್ಲಿ. ಉಳಿದವರಿಗೆ ಸುದ್ದಿ ಬಾಯಿಂದ ಬಾಯಿಗೆ ಬಂತು, ಬರುವಷ್ಟರಲ್ಲಿ ಬಣ್ಣ ಬದಲಾಯಿಸಿತು. ಸುದ್ದಿ ತಲುಪದ ಕಡೆ ವದಂತಿ ಮೊದಲು ತಲುಪುತ್ತದೆ.

ವದಂತಿಯ ಹಿಂದೆ ಏನು ಬಂತು ಅಂತ ಬೀದರ್, ಗುಲ್ಬರ್ಗಾ ಜಿಲ್ಲೆಗಳ ಜನರಿಗೆ ಗೊತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಮರೆಯುವಂಥದ್ದಲ್ಲ. ಸೆಪ್ಟೆಂಬರ್ ನಂತರ ಮುಸ್ಲಿಮರ ಮೇಲೆ ನಡೆದದ್ದೂ ಮರೆಯುವಂಥದ್ದಲ್ಲ. ಕನ್ನಡದಲ್ಲಿ ಈ ಕಾಲದ ಹೆಸರು ‘ರಜಾಕಾರರ ಹಾವಳಿ’. ನಮ್ಮ ಉರ್ದು ಮನೆಗಳಲ್ಲಿ ಅದರ ಹೆಸರು ‘ಪೊಲೀಸ್ ಆಕ್ಷನ್’. ಒಂದೇ ವರ್ಷಕ್ಕೆ ಎರಡು ಹೆಸರು, ಎರಡೂ ಅರ್ಧರ್ಧ ನೆನಪು. ಎರಡೂ ಭಾಷೆ ಬಲ್ಲ ನಾವು ಒಂದು ಮನೆಯಲ್ಲಿ ಒಂದು ಹೆಸರು ಹೇಳಿ ಇನ್ನೊಂದು ಮನೆಯಲ್ಲಿ ಇನ್ನೊಂದು ಹೇಳಿ ಸುಮ್ಮನಾದರೆ, ಎರಡು ಭಾಷೆ ಕಲಿತು ಏನು ಪ್ರಯೋಜನ?

ಮೂರನೆಯ ಒಂದು ಪಠ್ಯವಿದೆ. ಅದು ಕೇಳಿಸಿಕೊಂಡವರು ಬರೆದದ್ದು. 1948ರ ಕೊನೆಗೆ ಪಂಡಿತ್ ಸುಂದರಲಾಲ್ ನೇತೃತ್ವದ ಸಮಿತಿ ಜಿಲ್ಲೆಗಳನ್ನು ಸುತ್ತಿ ಜನರ ಮಾತು ಕೇಳಿತು. ಅದರ ಸದಸ್ಯರಲ್ಲಿ ಒಬ್ಬರು ‘ಲೈಲಾ ಕೆ ಖುತೂತ್’ ಬರೆದ ಉರ್ದು ಸಾಹಿತಿ ಕಾಜಿ ಅಬ್ದುಲ್ ಗಫ್ಫಾರ್. ಸತ್ತವರ ಸಂಖ್ಯೆ 27,000ದಿಂದ 40,000 ಎಂದು ಸಮಿತಿ ಅಂದಾಜು ಮಾಡಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಎರಡು ಗುಲ್ಬರ್ಗಾ ಮತ್ತು ಬೀದರ್. ರಜಾಕಾರರ ದೌರ್ಜನ್ಯವನ್ನೂ ವರದಿ ಮುಚ್ಚಿಡಲಿಲ್ಲ; ಹಲವು ಕಡೆ ಹಿಂದೂ ನೆರೆಯವರೇ ಮುಸ್ಲಿಮರನ್ನು ಕಾಪಾಡಿದ್ದನ್ನೂ ಹೇಳಿತು. ರೇಡಿಯೋದಲ್ಲಿ ಬಂದ ಮಾತು ಅದೇ ಸಂಜೆ ಹೊರಗೆ ಬಂತು. ಜನ ಆಡಿದ ಮಾತು ದಶಕಗಳ ಕಾಲ ಕಡತದಲ್ಲಿ ಕೂತಿತು. ನನ್ನ ದೃಷ್ಟಿಯಲ್ಲಿ ಆ ಕಾಲದ ಬಗ್ಗೆ ಬಂದ ಬರಹಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಶೈಲಿಗಾಗಿ ಅಲ್ಲ, ಅದರ ಕಿವಿಗಾಗಿ.

ನಾನಿರುವ ಉಪ್ಪಲ್‌ನಲ್ಲಿ ಪ್ರತಿ ವರ್ಷ ಈ ತಾರೀಖಿಗೆ ಹೊಸ ಹೆಸರು ಕೇಳುತ್ತೇನೆ: ವಿಮೋಚನೆ, ವಿಲೀನ, ಏಕತೆ. ಗಡಿ ದಾಟಿದರೆ ಅದೇ ದಿನ ಕಲ್ಯಾಣ ಕರ್ನಾಟಕ ಉತ್ಸವ. ಯಾವ ಹೆಸರು ಸರಿ ಅಂತ ನನ್ನನ್ನು ಕೇಳುವ ವಿದ್ಯಾರ್ಥಿಗಳಿಗೆ ನಾನು ಹೆಸರು ಹೇಳುವುದಿಲ್ಲ, ಕೆಲಸ ಹೇಳುತ್ತೇನೆ. ನಿಮಗೂ ಅದನ್ನೇ ಹೇಳುವೆ. ಅಂದು ಹತ್ತು ವರ್ಷದವರಾಗಿದ್ದವರಿಗೆ ಇವತ್ತು ತೊಂಬತ್ತರ ಹತ್ತಿರ. ನಿಮ್ಮ ಮನೆಯ, ಪಕ್ಕದ ಮನೆಯ ಬುಜುರ್ಗರ ಹತ್ತಿರ ಕೂತು ಮೂರೇ ಪ್ರಶ್ನೆ ಕೇಳಿ: ಸುದ್ದಿ ಯಾರ ಬಾಯಿಂದ ಕೇಳಿದಿರಿ? ಯಾವ ಭಾಷೆಯಲ್ಲಿ? ಕೇಳಿದ ಮೇಲೆ ಎಲ್ಲಿಗೆ ಹೋದಿರಿ? ಅವರು ಹೇಳಿದ್ದನ್ನು ತಿದ್ದಬೇಡಿ, ಇದ್ದ ಹಾಗೆ ಬರೆದುಕೊಳ್ಳಿ. ಕನ್ನಡದಲ್ಲಿ ಬರೆಯಿರಿ, ಉರ್ದುವಿನಲ್ಲಿ ಹೇಳಿದ ಮಾತನ್ನು ಉರ್ದುವಿನಲ್ಲೇ ಉಳಿಸಿ. ಮೈಕಿನ ಮುಂದೆ ಕೂತವರ ಪುಸ್ತಕಗಳು ಲೈಬ್ರರಿಯಲ್ಲಿ ಸಿಗುತ್ತವೆ. ಇವರದು ಸಿಗಬೇಕಾದರೆ ನೀವು ಈ ವರ್ಷವೇ ಹೋಗಬೇಕು.