ಗಂಟಲಲ್ಲೇ ಉಳಿದ ಮಾತಿನ ಕಾದಂಬರಿಗಳು

ಹದಿಹರೆಯದ ಓದುಗರಿಗಾಗಿಯೇ ಬರೆದ ಕಾದಂಬರಿಗೆ ಇಂಗ್ಲಿಷ್ ಪ್ರಕಾಶನಲೋಕದಲ್ಲಿ 'ಯಂಗ್ ಅಡಲ್ಟ್' ಎಂಬ ಹೆಸರಿದೆ. ಸಾಮಾನ್ಯವಾಗಿ 12ರಿಂದ 18ರ ವಯಸ್ಸಿನವರು ಇದರ ಓದುಗರು. ಕಥೆ ಹೇಳುವವರೂ ಹೆಚ್ಚಾಗಿ ಅದೇ ವಯಸ್ಸಿನ ಹುಡುಗ ಇಲ್ಲವೇ ಹುಡುಗಿ. ದೊಡ್ಡವರಾದ ಮೇಲೆ ಹಿಂದಿರುಗಿ ನೋಡಿ ಹೇಳುವ ಸಮಾಧಾನ ಅವರಿಗಿರುವುದಿಲ್ಲ; ಗಾಯ ಹಸಿಯಾಗಿರುವಾಗಲೇ ಮಾತಾಡುತ್ತಾರೆ. ಮುಟ್ಟು, ಕಾಮ, ಅತ್ಯಾಚಾರ, ಆತ್ಮಹತ್ಯೆ, ಅಮಲು, ಹೆತ್ತವರ ಸಾವು ಮುಂತಾಗಿ ಮನೆಯಲ್ಲಿ ಯಾರೂ ಬಾಯಿ ಬಿಡದ ವಿಷಯಗಳನ್ನು ಈ ಕಾದಂಬರಿಗಳು ಅರ್ಧ ಶತಮಾನದಿಂದ ಎತ್ತಿಕೊಂಡಿವೆ. ಆದರೆ ವಿಷಯ ನಿಷಿದ್ಧವಾದ ಮಾತ್ರಕ್ಕೆ ಪುಸ್ತಕಕ್ಕೆ ಬಲ ಬರುವುದಿಲ್ಲ. ಆಡಲಾಗದ ಮಾತನ್ನು ಲೇಖಕರು ಪುಟದ ಮೇಲೆ ಎಲ್ಲಿ ತಡೆದಿಡುತ್ತಾರೆ, ಎಷ್ಟು ಹೊತ್ತು ತಡೆದಿಡುತ್ತಾರೆ ಎಂಬುದನ್ನು ನೋಡಿದರೆ ಒಳ್ಳೆಯ ಪುಸ್ತಕ ಯಾವುದು, ಬರೀ ಗದ್ದಲದ ಪುಸ್ತಕ ಯಾವುದು ಎಂದು ಗೊತ್ತಾಗುತ್ತದೆ.

ಇಂದಿನ ರೂಪದ ಹದಿಹರೆಯದ ಕಾದಂಬರಿ 1967ರಲ್ಲಿ ಆರಂಭವಾಯಿತೆಂದು ಎಣಿಸುವುದು ವಾಡಿಕೆ. ಆ ವರ್ಷ ಅಮೆರಿಕದ ಟಲ್ಸಾ ನಗರದ ಎಸ್.ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' ಪ್ರಕಟವಾಯಿತು. ಹೈಸ್ಕೂಲಿನಲ್ಲಿ ಓದುತ್ತಲೇ ಬರೆದ ಕಾದಂಬರಿ ಅದು. ಅಚ್ಚಾದಾಗ ಲೇಖಕಿಗೆ 18 ವರ್ಷ. ಬಡವರ ಮಕ್ಕಳ ಗುಂಪು, ಸಿರಿವಂತರ ಮಕ್ಕಳ ಗುಂಪು, ಎರಡರ ನಡುವಿನ ಚಾಕು, ರಕ್ತ, ಸಾವು ಅದರ ವಸ್ತು. ಹುಡುಗಿ ಬರೆದದ್ದೆಂದು ತಿಳಿದರೆ ವಿಮರ್ಶಕರು ಹಗುರವಾಗಿ ಕಂಡಾರೆಂಬ ಎಣಿಕೆಯಿಂದ ಮುಖಪುಟದಲ್ಲಿ ಪೂರ್ತಿ ಹೆಸರಿನ ಬದಲು ಇನಿಷಿಯಲ್‌ಗಳನ್ನು ಹಾಕಲಾಯಿತು.

ಜೂಡಿ ಬ್ಲೂಮ್ ಅವರು 1970ರಲ್ಲಿ ಬರೆದ 'ಆರ್ ಯೂ ದೇರ್ ಗಾಡ್? ಇಟ್ಸ್ ಮಿ, ಮಾರ್ಗರೆಟ್' ಇನ್ನೂ ಚಿಕ್ಕವರ ಪುಸ್ತಕ. ಮೊದಲ ಮುಟ್ಟು ಯಾವಾಗ ಬಂದೀತೆಂದು ಕಾಯುವ ಹನ್ನೊಂದರ ಹುಡುಗಿ, ಯಾವ ಧರ್ಮಕ್ಕೂ ಸೇರಿಸದೆ ತನ್ನನ್ನು ಬೆಳೆಸುತ್ತಿರುವ ಮನೆಯಲ್ಲಿ, ದೇವರೊಡನೆ ಒಬ್ಬಳೇ ಮಾತಾಡಿಕೊಳ್ಳುತ್ತಾಳೆ. ಬ್ಲೂಮ್ ತಮ್ಮ ಮಕ್ಕಳು ಓದುತ್ತಿದ್ದ ಶಾಲೆಗೆ ಪ್ರತಿಗಳನ್ನು ಕೊಟ್ಟರೆ, ಮುಟ್ಟಿನ ಮಾತಿದೆಯೆಂದು ಮುಖ್ಯೋಪಾಧ್ಯಾಯರು ಅವನ್ನು ಗ್ರಂಥಾಲಯದಲ್ಲಿ ಇಡಗೊಡಲಿಲ್ಲ. ಮೊದಲ ಆವೃತ್ತಿಯಲ್ಲಿ ಸೊಂಟಕ್ಕೆ ಬೆಲ್ಟ್ ಕಟ್ಟಿ ಪ್ಯಾಡ್ ಸಿಕ್ಕಿಸುವ ವಿವರವಿತ್ತು. ಕಾಲ ಬದಲಾದಾಗ ಲೇಖಕಿ ಅದನ್ನು ಅಂಟಿಸುವ ಪ್ಯಾಡ್ ಎಂದು ತಿದ್ದಿದರು. ಆ ತಿದ್ದುಪಡಿ ದೊಡ್ಡ ವಿಮರ್ಶೆಗಳಲ್ಲಿ ಬರುವುದಿಲ್ಲ. ಆದರೆ ಆ ಪುಟವನ್ನು ಕದ್ದು ತಿರುವುವ ಹುಡುಗಿಗೆ ಬೇಕಾದದ್ದು ಅದೇ ವಿವರ, ಮತ್ತು ಅದು ಸರಿಯಾಗಿರಬೇಕು ಎಂಬುದನ್ನು ಬ್ಲೂಮ್ ಅರಿತಿದ್ದರು. ಐದು ವರ್ಷಗಳ ಬಳಿಕ ಬಂದ ಅವರ 'ಫಾರೆವರ್' ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪ್ರೇಮಿಸಿ ದೇಹ ಹಂಚಿಕೊಂಡ ಹುಡುಗ ಹುಡುಗಿಯರು ಕೊನೆಗೆ ಸಾಯದೆ ಉಳಿಯುವ ಒಂದು ಕಥೆ ಬರೆಯಬಾರದೇ ಎಂದು ಮಗಳು ಕೇಳಿದ್ದೇ ಆ ಕಾದಂಬರಿಗೆ ಕಾರಣ. ಅಲ್ಲಿಯ ತನಕ ಇಂಥ ಕಥೆಗಳಲ್ಲಿ ಹುಡುಗಿಗೆ ಶಿಕ್ಷೆ ಕಾದಿರುತ್ತಿತ್ತು.

ರಾಬರ್ಟ್ ಕಾರ್ಮಿಯರ್ ಅವರ 'ದಿ ಚಾಕೊಲೇಟ್ ವಾರ್' (1974) ಮುಟ್ಟಿದ್ದು ಬೇರೆ ನರವನ್ನು. ಶಾಲೆಯ ಹಣಸಂಗ್ರಹಕ್ಕಾಗಿ ಚಾಕೊಲೇಟ್ ಮಾರಲು ಒಪ್ಪದ ಒಬ್ಬ ಹುಡುಗನನ್ನು ಸಹಪಾಠಿಗಳ ಗುಪ್ತಕೂಟವೂ ಅದರ ಬೆನ್ನಿಗೆ ನಿಂತ ಅಧ್ಯಾಪಕನೂ ಸೇರಿ ನೆಲಕ್ಕೆ ಕೆಡವುತ್ತಾರೆ. ಶಿಕ್ಷಕರೇ ಕ್ರೌರ್ಯಕ್ಕೆ ಕಣ್ಣು ಮುಚ್ಚಬಹುದು, ಸರಿಯಾದವನೇ ಸೋಲಬಹುದು ಎಂಬುದು ಮಕ್ಕಳ ಪುಸ್ತಕಕ್ಕೆ ಸಲ್ಲದ ಮಾತಾಗಿತ್ತು. ಹಲವು ಪ್ರಕಾಶಕರು ಅಂತ್ಯವನ್ನು ಬದಲಿಸಲು ಹೇಳಿದರು, ಕಾರ್ಮಿಯರ್ ಬದಲಿಸಲಿಲ್ಲ. ಮುಂದಿನ ಕಾದಂಬರಿ 'ಐ ಆಮ್ ದಿ ಚೀಸ್'ನಲ್ಲಿ ಒಂದು ಪಾತ್ರದ ಫೋನ್ ನಂಬರ್ ಎಂದು ತಮ್ಮ ಮನೆಯ ನಂಬರನ್ನೇ ಕೊಟ್ಟರು. ಎಳೆಯ ಓದುಗರು ನಿಜಕ್ಕೂ ಕರೆ ಮಾಡಿದರು, ಅವರು ಮಾತಾಡಿದರು. ಈ ಪ್ರಕಾರದ ಲೇಖಕರಿಗೂ ಓದುಗರಿಗೂ ಇರುವ ಸಂಬಂಧ ಏನೆಂದು ತೋರಿಸಲು ಇಷ್ಟು ಸಾಕು.

ಇದೇ ದಶಕದಲ್ಲಿ ತಪ್ಪು ದಾರಿಯೂ ತೆರೆಯಿತು. ಮಾದಕವಸ್ತುವಿಗೆ ಬಲಿಯಾದ ಹುಡುಗಿಯ ನಿಜವಾದ ದಿನಚರಿ ಎಂದು 1971ರಲ್ಲಿ ಲೇಖಕರ ಹೆಸರಿಲ್ಲದೆ ಬಂದ 'ಗೋ ಆಸ್ಕ್ ಆಲಿಸ್' ಲಕ್ಷಾಂತರ ಓದುಗರನ್ನು ಮುಟ್ಟಿತು. ಅದರ ಹಿಂದೆ ಇದ್ದವರು ಬಿಯಾಟ್ರಿಸ್ ಸ್ಪಾರ್ಕ್ಸ್ ಎಂಬ ವಯಸ್ಕ ಲೇಖಕಿ ಎಂಬುದು ಆಮೇಲೆ ಹೊರಬಂತು. ಹೆದರಿಸಿ ತಿದ್ದುವ ಆಸೆಯಿಂದ ಬರೆದ ಪುಸ್ತಕ ಹದಿಹರೆಯದವರ ದನಿಯನ್ನು ಎರವಲು ಪಡೆದು ಅವರ ನಂಬಿಕೆಗೇ ಮೋಸ ಮಾಡಿತು.

ಈ ಪ್ರಕಾರ ತನ್ನ ಕಲೆಯನ್ನು ಪೂರ್ತಿ ಕಂಡುಕೊಂಡದ್ದು ಲಾರಿ ಹಾಲ್ಸ್ ಆಂಡರ್ಸನ್ ಅವರ 'ಸ್ಪೀಕ್'ನಲ್ಲಿ. 1999ರಲ್ಲಿ ಬಂದ ಈ ಕಾದಂಬರಿಯ ಮೆಲಿಂಡಾ ಹೈಸ್ಕೂಲಿಗೆ ಹೊಸದಾಗಿ ಸೇರಿದ ಹುಡುಗಿ. ಬೇಸಿಗೆ ರಜೆಯ ಕೊನೆಯಲ್ಲಿ ಒಂದು ಪಾರ್ಟಿ ನಡೆಯುತ್ತಿದ್ದಾಗ ಪೊಲೀಸರಿಗೆ ಫೋನ್ ಮಾಡಿದವಳು ಅವಳು. ಅದಕ್ಕಾಗಿ ಇಡೀ ಶಾಲೆ ಅವಳನ್ನು ದೂರವಿಟ್ಟಿದೆ. ಫೋನ್ ಏಕೆ ಮಾಡಿದಳೆಂದು ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಆ ರಾತ್ರಿ ಅವಳ ಮೇಲೆ ಅತ್ಯಾಚಾರ ನಡೆದಿತ್ತು. ಆ ಪದ ಕಾದಂಬರಿಯ ಬಹುಭಾಗದಲ್ಲಿ ಇಲ್ಲ. ಮಾಡಿದವನಿಗೆ ಮೊದಲು ಹೆಸರೂ ಇಲ್ಲ. ದನವನ್ನೋ ವಸ್ತುವನ್ನೋ ಕರೆಯುವ ಸರ್ವನಾಮವೊಂದನ್ನು ಅವಳು ಕ್ಯಾಪಿಟಲ್ ಅಕ್ಷರಗಳಲ್ಲಿ ಬಳಸುತ್ತಾಳೆ.

ಆಂಡರ್ಸನ್ ಮೌನಕ್ಕೆ ಅಚ್ಚಿನಲ್ಲೇ ಜಾಗ ಮಾಡಿಕೊಟ್ಟರು. ಶಾಲೆಯ ಅಧಿಕಾರಿಗಳು ಮತ್ತು ಅಪ್ಪ ಅಮ್ಮ ಸುತ್ತ ಕುಳಿತು ಮಾತಾಡುವ ಪ್ರಸಂಗವನ್ನು ನಾಟಕದ ಸಂಭಾಷಣೆಯಂತೆ ಬರೆದಿದ್ದಾರೆ. ಎಲ್ಲರ ಹೆಸರಿನ ಮುಂದೆಯೂ ಮಾತಿದೆ. 'ನಾನು' ಎಂಬುದರ ಮುಂದೆ ಎರಡು ಚುಕ್ಕಿ, ಆಮೇಲೆ ಖಾಲಿ ಬಿಳಿ ಜಾಗ. ಅವಳ ಮನೆಯಲ್ಲಿ ಅಪ್ಪ, ಅಮ್ಮ, ಮಗಳು ಮೂವರೂ ಅಡುಗೆಮನೆಯ ಕಟ್ಟೆಯ ಮೇಲೆ ಚೀಟಿ ಬರೆದಿಟ್ಟು ವ್ಯವಹರಿಸುತ್ತಾರೆ. ಮೆಲಿಂಡಾಳ ತುಟಿ ಕಚ್ಚಿ ಕಚ್ಚಿ ಹಕ್ಕಳೆಗಟ್ಟಿದೆ. ಮಾತು ಹೊರಬರಬೇಕಾದ ಜಾಗವೇ ಗಾಯವಾಗಿದೆ ಎಂದು ಲೇಖಕಿ ಎಲ್ಲೂ ವಿವರಿಸಲು ಹೋಗುವುದಿಲ್ಲ, ತುಟಿಯನ್ನಷ್ಟೇ ಮತ್ತೆ ಮತ್ತೆ ತೋರಿಸುತ್ತಾರೆ. ಕಾದಂಬರಿಯನ್ನು ಅಧ್ಯಾಯಗಳ ಬದಲು ಶಾಲೆಯ ನಾಲ್ಕು ಪರೀಕ್ಷಾ ಅವಧಿಗಳಾಗಿ ಭಾಗಿಸಿ, ಅವಧಿಗಳ ಕೊನೆಗೆ ಅಂಕಪಟ್ಟಿ ಇಟ್ಟಿದ್ದಾರೆ. ಅಂಕಗಳು ಇಳಿಯುತ್ತವೆ. ಅಂಕಪಟ್ಟಿ ನೋಡುವ ಹಿರಿಯರಿಗೆ ಕಾಣುವುದು ಅಷ್ಟೇ.

ಅವಳನ್ನು ಬದುಕಿಸುವುದು ಡ್ರಾಯಿಂಗ್ ತರಗತಿ. ಮೇಷ್ಟ್ರು ಒಡೆದ ಗ್ಲೋಬಿನೊಳಗೆ ಚೀಟಿಗಳನ್ನು ಹಾಕಿ ಒಬ್ಬೊಬ್ಬರಿಗೂ ಒಂದು ಎತ್ತಿಕೊಳ್ಳಲು ಹೇಳುತ್ತಾರೆ. ಮೆಲಿಂಡಾಳಿಗೆ ಬಂದದ್ದು 'ಮರ'. ವರ್ಷವಿಡೀ ಅದೊಂದನ್ನೇ ಬಿಡಿಸಬೇಕು, ಕೆತ್ತಬೇಕು. ಅವಳ ಮರಗಳು ಸತ್ತಂತೆ ಬರುತ್ತವೆ. ಶಾಲೆಯಲ್ಲಿ ಯಾರೂ ಬಳಸದ, ಕಸಗುಡಿಸುವವರ ಹಳೆಯ ಕೋಣೆಯೊಂದು ಅವಳ ಅಡಗುದಾಣ. ಅಲ್ಲಿನ ಕನ್ನಡಿಯನ್ನು ಮಾಯಾ ಏಂಜೆಲೋ ಅವರ ಚಿತ್ರದಿಂದ ಮುಚ್ಚುತ್ತಾಳೆ. ಶಾಲಾ ಮಂಡಳಿ ಆ ಕವಯಿತ್ರಿಯ ಪುಸ್ತಕವನ್ನು ನಿಷೇಧಿಸಿದ್ದರಿಂದ ಗ್ರಂಥಪಾಲಕಿ ಬಿಟ್ಟುಕೊಟ್ಟ ಚಿತ್ರ ಅದು. ಎಳೆಯಳಾಗಿದ್ದಾಗ ಅತ್ಯಾಚಾರಕ್ಕೆ ಒಳಗಾಗಿ ವರ್ಷಗಟ್ಟಲೆ ಮಾತು ಬಿಟ್ಟವರು ಏಂಜೆಲೋ. ಅದನ್ನು ಬಲ್ಲ ಓದುಗರಿಗೆ ಆ ಕೋಣೆ ಬೇರೆಯೇ ಆಗಿ ಕಾಣುತ್ತದೆ. ತಿಳಿಯದವರಿಗೂ ಏನೂ ತಪ್ಪುವುದಿಲ್ಲ. ಅದೇ ಕೋಣೆಯಲ್ಲಿ ಅತ್ಯಾಚಾರ ಮಾಡಿದವನು ಎರಡನೆಯ ಸಲ ಮೈಮೇಲೆ ಬಿದ್ದಾಗ ಅವಳು ಕಿರುಚುತ್ತಾಳೆ. ಒಡೆಯುವುದು ಅದೇ ಕನ್ನಡಿ.

ಐರ್ಲೆಂಡ್ ಮೂಲದ ಸಿಯೋಭಾನ್ ಡೌಡ್ ಕಲ್ಪಿಸಿಕೊಂಡು, ಬರೆದು ಮುಗಿಸುವ ಮೊದಲೇ 2007ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಾಗ, ಪ್ಯಾಟ್ರಿಕ್ ನೆಸ್ ಕೈಗೆತ್ತಿಕೊಂಡು ಮುಗಿಸಿದ 'ಎ ಮಾನ್‌ಸ್ಟರ್ ಕಾಲ್ಸ್' (2011) ಇನ್ನೂ ಆಳದ ನಿಷಿದ್ಧವನ್ನು ಹುಡುಕುತ್ತದೆ. ಸಾವಿನ ಬಗ್ಗೆ ಮಕ್ಕಳಿಗೆ ಹೇಳುವ ಪುಸ್ತಕಗಳು ಎಷ್ಟೋ ಇವೆ. ಕಾಯಿಲೆಯ ತಾಯಿ ಬೇಗ ಹೋಗಿಬಿಡಲಿ, ಈ ಕಾಯುವಿಕೆ ಮುಗಿಯಲಿ ಎಂದು ಮಗುವಿಗೆ ಅನ್ನಿಸಬಹುದು ಎಂದು ಹೇಳುವವು ಕಡಿಮೆ. 13ರ ಕಾನರ್‌ನ ಕಿಟಕಿಗೆ ಮಧ್ಯರಾತ್ರಿ ಕಳೆದು ಏಳು ನಿಮಿಷಕ್ಕೆ ಯೂ ಮರದ ರೂಪದ ದೈತ್ಯ ಬರುತ್ತದೆ. ಮೂರು ಕಥೆ ತಾನು ಹೇಳುತ್ತೇನೆ, ನಾಲ್ಕನೆಯದನ್ನು ನೀನು ಹೇಳಬೇಕು ಎನ್ನುತ್ತದೆ. ಆ ನಾಲ್ಕನೆಯದು ಹುಡುಗನ ಕೆಟ್ಟ ಕನಸು: ಪ್ರಪಾತದ ಅಂಚಿನಲ್ಲಿ ಜೋತುಬಿದ್ದ ತಾಯಿಯ ಕೈಯನ್ನು ಅವನು ಬಿಟ್ಟುಬಿಡುತ್ತಾನೆ. ಕ್ಯಾನ್ಸರಿನ ಟ್ಯಾಕ್ಸೇನ್ ಔಷಧಿಗಳು ಯೂ ಜಾತಿಯ ಮರಗಳಿಂದಲೇ ದೊರೆತವು. ತಾಯಿಗೆ ಕೊನೆಯದಾಗಿ ಕೊಡುವ ಮದ್ದೂ ಆ ಮರದ್ದು, ಅದು ಫಲಿಸುವುದಿಲ್ಲ. ಜಿಮ್ ಕೇ ಅವರ ಕಪ್ಪು ಶಾಯಿಯ ಚಿತ್ರಗಳು ಮಾತಿನ ಅಂಚಿನವರೆಗೂ ಹರಿದು ಬರುತ್ತವೆ. 2012ರಲ್ಲಿ ಬ್ರಿಟನ್ನಿನ ಕಾರ್ನೆಗಿ ಪದಕ ಪಠ್ಯಕ್ಕೂ ಕೇಟ್ ಗ್ರೀನವೇ ಪದಕ ಚಿತ್ರಕ್ಕೂ ಬಂದವು. ಎರಡೂ ಒಂದೇ ಪುಸ್ತಕಕ್ಕೆ ಸಂದದ್ದು ಅದೇ ಮೊದಲು.

ಇವುಗಳ ಪಕ್ಕದಲ್ಲಿ ಜೇ ಆಷರ್ ಅವರ 'ಥರ್ಟೀನ್ ರೀಸನ್ಸ್ ವೈ' (2007) ಇಟ್ಟರೆ ದೋಷ ಕಣ್ಣಿಗೆ ಹೊಡೆಯುತ್ತದೆ. ಆತ್ಮಹತ್ಯೆ ಮಾಡಿಕೊಂಡ ಹುಡುಗಿ ಏಳು ಕ್ಯಾಸೆಟ್‌ಗಳಲ್ಲಿ ಹದಿಮೂರು ಕಾರಣಗಳನ್ನು ಹೇಳಿಟ್ಟು, ಕಾರಣರಾದವರಿಗೆ ಕಳಿಸಿರುತ್ತಾಳೆ. ಕಥೆಯ ಕುತೂಹಲ ಬಿಗಿಯಾಗಿದೆ, ಓದಿ ಮುಗಿಸದೆ ಇಡಲಾಗದು. ಆದರೆ ಸಾವಿಗೆ ಇಲ್ಲಿ ದನಿ ಸಿಕ್ಕಿದೆ, ಎಲ್ಲರೂ ಕೇಳಿಸಿಕೊಳ್ಳುವ ದನಿ. ಬದುಕಿದ್ದಾಗ ಸಿಗದ ಗಮನ ಸತ್ತ ಮೇಲೆ ಸಿಗುತ್ತದೆಂಬ ಅರ್ಥ ನುಸುಳುತ್ತದೆ. ಖಿನ್ನತೆ ಎಂಬ ಕಾಯಿಲೆಗೆ ಕಥೆಯಲ್ಲಿ ಜಾಗವೇ ಇಲ್ಲದಂತಾಗಿದೆ. ಈ ಕಾದಂಬರಿಯನ್ನು ಆಧರಿಸಿ 2017ರಲ್ಲಿ ಬಂದ ನೆಟ್‌ಫ್ಲಿಕ್ಸ್ ಸರಣಿಯ ಆತ್ಮಹತ್ಯೆಯ ದೃಶ್ಯವನ್ನು, ವೈದ್ಯರ ಸಲಹೆ ಪಡೆದು, 2019ರಲ್ಲಿ ತೆಗೆಯಬೇಕಾಯಿತು.

ಭಾರತದಲ್ಲಿ ಈ ಬರವಣಿಗೆ ಇಂಗ್ಲಿಷಿನಲ್ಲಿ ತಡವಾಗಿ ಬಂತು. ಹಿಮಾಂಜಲಿ ಶಂಕರ್ ಅವರ 'ಟಾಕಿಂಗ್ ಆಫ್ ಮುಸ್ಕಾನ್' 2014ರದು. ಸಲಿಂಗಿಯಾದ ಮುಸ್ಕಾನ್ ಸಾಯಲು ಯತ್ನಿಸಿದ ಮೇಲೆ ಮೂವರು ಸಹಪಾಠಿಗಳು ಕಥೆ ಹೇಳುತ್ತಾರೆ. ಆ ಹೊತ್ತಿಗೆ ಸಲಿಂಗಕಾಮವನ್ನು ಅಪರಾಧವೆಂದು ಎಣಿಸುತ್ತಿದ್ದ ದಂಡಸಂಹಿತೆಯ 377ನೇ ಕಲಮು ಜಾರಿಯಲ್ಲಿತ್ತು. ಸುಪ್ರೀಂ ಕೋರ್ಟ್ ಅದರ ಹಲ್ಲು ಕಿತ್ತದ್ದು 2018ರಲ್ಲಿ. ಕನ್ನಡದ ಎಳೆಯ ಓದುಗರು ಇಂಥ ವಿಷಯಗಳನ್ನು ದೊಡ್ಡವರ ಕಾದಂಬರಿಗಳಲ್ಲೇ ಎದುರುಗೊಂಡರು. ಮನಸ್ಸಿನ ಕಾಯಿಲೆಗೆ ಅಂಟಿದ ಕಳಂಕ ಎಂಥದ್ದೆಂದು ತ್ರಿವೇಣಿಯವರ 'ಶರಪಂಜರ'ದ ಕಾವೇರಿಯಿಂದ ಕಲಿತ ತಲೆಮಾರು ಕನ್ನಡದಲ್ಲಿದೆ.

ಕಪಾಟಿನಿಂದ ಈ ಪುಸ್ತಕಗಳನ್ನು ತೆಗೆಸುವ ಯತ್ನ ಎಂದೂ ನಿಂತಿಲ್ಲ. ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಶಾಲಾ ಮಂಡಳಿ ಒಂಬತ್ತು ಪುಸ್ತಕಗಳನ್ನು ತೆಗೆಸಿದಾಗ ವಿದ್ಯಾರ್ಥಿಗಳೇ ಕೋರ್ಟಿಗೆ ಹೋದರು. ಒಳಗಿನ ವಿಚಾರ ಹಿಡಿಸದೆಂಬ ಒಂದೇ ಕಾರಣಕ್ಕೆ ಶಾಲಾ ಗ್ರಂಥಾಲಯದಿಂದ ಪುಸ್ತಕ ತೆಗೆಯುವಂತಿಲ್ಲ ಎಂಬ ನಿಲುವು 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಿಂದ ಬಂತು. ಆ ಒಂಬತ್ತರಲ್ಲಿ 'ಗೋ ಆಸ್ಕ್ ಆಲಿಸ್' ಸಹ ಇತ್ತು. ಕಳಪೆ ಪುಸ್ತಕಕ್ಕೂ ಆ ರಕ್ಷಣೆ ಸಲ್ಲಬೇಕು. 'ಸ್ಪೀಕ್' ಮೇಲಿನ ತಕರಾರುಗಳು ಇಂದಿಗೂ ಬರುತ್ತಿವೆ.

ತಾವೂ 13ನೇ ವಯಸ್ಸಿನಲ್ಲಿ ಅತ್ಯಾಚಾರಕ್ಕೆ ಒಳಗಾಗಿದ್ದನ್ನು ಆಂಡರ್ಸನ್ 2019ರ 'ಶೌಟ್' ಎಂಬ ಪದ್ಯರೂಪದ ಆತ್ಮಕಥನದಲ್ಲಿ ಬರೆದರು. ಅದಕ್ಕೂ ಮೊದಲು, 'ಸ್ಪೀಕ್'ಗೆ ಹತ್ತು ವರ್ಷ ತುಂಬಿದಾಗ ಬಂದ ಆವೃತ್ತಿಗೆ ಅವರು ಒಂದು ಕವಿತೆ ಸೇರಿಸಿದ್ದರು. ಅದರ ಮೊದಲ ಮತ್ತು ಕೊನೆಯ ಚರಣಗಳು ಮಾತ್ರ ಅವರವು. ನಡುವಿನ ಸಾಲುಗಳೆಲ್ಲ ಮೆಲಿಂಡಾಳ ಕಥೆ ಓದಿ ಅವರಿಗೆ ಕಾಗದ ಬರೆದ ಹುಡುಗಿಯರು, ಹುಡುಗರು, ದೊಡ್ಡವರು ಬರೆದ ಮಾತುಗಳು.