ಇರುವೆಯ ಮುಂದೆ ಕೂರುವಷ್ಟು ಪುರುಸೊತ್ತು

ಆಂಧ್ರದ ಶಾಲೆಗಳಿಗೆ ಬೇಸಿಗೆ ರಜೆ ಬರುವುದು ನಮಗಿಂತ ತಡವಾಗಿ. ಕರ್ನಾಟಕದ ಮಕ್ಕಳು ಏಪ್ರಿಲ್ ಎರಡನೇ ವಾರಕ್ಕೆ ಚೀಲ ಮೂಲೆಗಿಟ್ಟರೆ, ವಿಶಾಖಪಟ್ಟಣದ ಮಕ್ಕಳಿಗೆ ಈಚಿನ ವರ್ಷಗಳಲ್ಲಿ ಏಪ್ರಿಲ್ 24ರ ಸುಮಾರಿಗೆ ಬಿಡುಗಡೆ. ಜೂನ್ ಎರಡನೇ ವಾರದವರೆಗೆ ಏಳು ವಾರ ಮನೆ ತುಂಬ ಮಕ್ಕಳು. ವಿಶಾಖಪಟ್ಟಣದ ಅಂಚಿನ ದುವ್ವಾಡದಂಥ ಊರಿನಲ್ಲಿ ಅಪ್ಪ ಉಕ್ಕಿನ ಕಾರ್ಖಾನೆಯ ಪಾಳಿಗೆ, ಅಮ್ಮ ವಿಶೇಷ ಆರ್ಥಿಕ ವಲಯದ ಕೆಲಸಕ್ಕೆ ಹೊರಟರೆ ಐದಾರು ವರ್ಷದ ಮಗುವನ್ನು ಬೆಳಗಿನ ಹೊತ್ತು ನೋಡಿಕೊಳ್ಳುವವರು ಯಾರು? ಆ ಪ್ರಶ್ನೆಗೆ ಉತ್ತರವಾಗಿ ಬಂದು ನಿಂತಿರುವುದು ಧಾರ್ಮಿಕ ಸಂಸ್ಥೆಗಳು ನಡೆಸುವ ಹಗಲು ಶಿಬಿರ. ಚರ್ಚಿನಲ್ಲಿ ಅದು ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ), ಆಶ್ರಮಗಳಲ್ಲಿ ಬಾಲವಿಹಾರ, ಮಸೀದಿಯ ಪಕ್ಕದಲ್ಲಿ ದೀನಿಯಾತ್ ತರಗತಿ, ನಮ್ಮ ಉಡುಪಿ, ಮಂಗಳೂರಿನ ಕಡೆ ವಸಂತ ವೇದಶಿಬಿರ. ಹತ್ತು ದಿನ, ಹದಿನೈದು ದಿನ. ಹಾಡು, ಕಥೆ, ಕಂಠಪಾಠ, ಬಣ್ಣದ ಕಾಗದದ ಕೆಲಸ, ಕೊನೆಯ ದಿನ ತಂದೆತಾಯಿಯರ ಮುಂದೆ ಒಂದು ಪ್ರದರ್ಶನ. ಶುಲ್ಕ ಇಲ್ಲ, ಇದ್ದರೂ ಅತ್ಯಲ್ಪ. ಈಗೀಗ ಇವುಗಳ ಕರಪತ್ರದಲ್ಲಿ ಹೊಸದೊಂದು ಸಾಲು ಸೇರಿಕೊಂಡಿದೆ: ಪ್ರಕೃತಿಯ ಪರಿಚಯ.

ಆ ಸಾಲನ್ನು ನಂಬಬಹುದೇ ಎಂಬುದಷ್ಟೇ ಈ ಬರಹದ ವಿಚಾರ. ಶಿಬಿರ ನಡೆಸುವವರ ನಿಷ್ಠೆಯ ಬಗ್ಗೆ ನನಗೆ ಅನುಮಾನವಿಲ್ಲ. ಸಂಬಳವಿಲ್ಲದೆ, ಸೆಕೆಯಲ್ಲಿ, ಇನ್ನೊಬ್ಬರ ಮಕ್ಕಳ ಮೂಗು ಒರೆಸುತ್ತ ಹತ್ತು ದಿನ ಕಳೆಯುವ ಯುವಕ ಯುವತಿಯರನ್ನು ಮೆಚ್ಚದೆ ಇರಲಾಗದು. ಆದರೆ ಪ್ರಕೃತಿಯ ಹೆಸರಿನಲ್ಲಿ ಅವರು ಮಾಡುತ್ತಿರುವುದರಲ್ಲಿ ಒಂದು ಮೂಲಭೂತ ಕೊರತೆ ಇದೆ. ನೋಡುವುದಕ್ಕೂ ನೀತಿ ಹೇಳುವುದಕ್ಕೂ ನಡುವೆ ಅವರು ಮಗುವಿಗೆ ಒಂದು ಗಳಿಗೆಯನ್ನೂ ಬಿಡುತ್ತಿಲ್ಲ.

ಇವುಗಳಲ್ಲಿ ವಿ.ಬಿ.ಎಸ್.ನ ಮೂಲ ಹಳೆಯದು. 1898ರಲ್ಲಿ ನ್ಯೂಯಾರ್ಕಿನ ಬಡ ಬಡಾವಣೆಯ ಬೀದಿ ಮಕ್ಕಳಿಗಾಗಿ ಎಲೈಜಾ ಹಾವ್ಸ್ ಎಂಬಾಕೆ ಒಂದು ಮದ್ಯದಂಗಡಿಯ ಹಾಲನ್ನು ಬಾಡಿಗೆಗೆ ಹಿಡಿದು ರಜೆಯ ಬೈಬಲ್ ಶಾಲೆ ಆರಂಭಿಸಿದರು. ರಾಬರ್ಟ್ ಬೋವಿಲ್ ಅದನ್ನು ಚಳವಳಿಯಾಗಿ ಬೆಳೆಸಿದರು. ಹುಟ್ಟಿನಲ್ಲೇ ಅದು ಬೀದಿಯಿಂದ ಮಕ್ಕಳನ್ನು ಒಳಗೆ ಕರೆತರುವ ಕೆಲಸವಾಗಿತ್ತು ಎಂಬುದನ್ನು ಮರೆಯಬಾರದು. ಒಳಾಂಗಣದ ಅಭ್ಯಾಸ ಅದಕ್ಕೆ ಅಂದಿನಿಂದಲೇ ಅಂಟಿದೆ. ಕಾಲಾಂತರದಲ್ಲಿ ಪ್ರಕಾಶಕರು ವರ್ಷಕ್ಕೊಂದು ವಿಷಯ ಕೊಟ್ಟು ಹಾಡು, ಆಟ, ಅಲಂಕಾರವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಮಾರತೊಡಗಿದರು. ಒಂದು ವರ್ಷ ಕಾಡು, ಒಂದು ವರ್ಷ ಸಾಗರದ ತಳ. 2025ರಲ್ಲಿ ಅಮೆರಿಕದ ಒಂದು ಪ್ರಮುಖ ಪ್ರಕಾಶನದ ವಿಷಯ ಅಲಾಸ್ಕದ ಹಿಮಾರಣ್ಯ. ಪ್ರಕೃತಿ ಅಲ್ಲಿ ಪರದೆಯ ಮೇಲಿನ ಚಿತ್ರ. ನಮ್ಮಲ್ಲಿಯೂ ಅದೇ ನಡೆದಿದೆ. ಹೊರಗೆ ಮಾವು ತೂಗುತ್ತಿರುವಾಗ ಒಳಗೆ ಥರ್ಮೋಕೋಲಿನ ಪೈನ್ ಮರ ನಿಲ್ಲುತ್ತದೆ. ಚರ್ಚನ್ನು ಮಾತ್ರ ಹೇಳಿದರೆ ಅನ್ಯಾಯವಾದೀತು. ದೇವಸ್ಥಾನದ ಸಭಾಭವನದಲ್ಲಿ ಪಂಚಭೂತಗಳನ್ನು ಚಾರ್ಟಿನ ಮೇಲೆ ಕಲಿಸುವವರೂ ಕಿಟಕಿಯ ಬಾಗಿಲು ಮುಚ್ಚಿ ಫ್ಯಾನು ಹಾಕಿಕೊಂಡಿರುತ್ತಾರೆ.

ಇರುವೆಯನ್ನೇ ತೆಗೆದುಕೊಳ್ಳೋಣ. ಬೈಬಲಿನ ಜ್ಞಾನೋಕ್ತಿಗಳು ಇರುವೆಯನ್ನು ನೋಡಿ ಕಲಿಯಲು ಸೋಮಾರಿಗೆ ಹೇಳುತ್ತವೆ. ಬೇಸಿಗೆಯಲ್ಲಿ ಆಹಾರ ಕೂಡಿಡುವ ಇರುವೆ ಅದು. ಕುರ್‌ಆನಿನಲ್ಲಿ ಇರುವೆಯ ಹೆಸರಿನ ಅಧ್ಯಾಯವೇ ಇದೆ, ಜೇನುನೊಣದ್ದೂ ಜೇಡದ್ದೂ ಇವೆ. ನಮ್ಮ ಮನೆಗಳಲ್ಲಿ ಇರುವೆ ಗೂಡಿಗೆ ಸಕ್ಕರೆ ಹಾಕುವ ಅಜ್ಜಿಯರು ಇನ್ನೂ ಇದ್ದಾರೆ. ಹೀಗಿರುವಾಗ ಯಾವ ಶಿಬಿರಕ್ಕೂ ಇರುವೆ ಒಳ್ಳೆಯ ಪಾಠವಾಗಬೇಕಿತ್ತು. ಆಗುವುದೇನು? ಶಿಕ್ಷಕಿ ಇರುವೆಯ ಚಿತ್ರ ಎತ್ತಿ ಹಿಡಿಯುತ್ತಾರೆ. ಇರುವೆ ಏನು ಮಾಡುತ್ತದೆ? ಕೆಲಸ ಮಾಡುತ್ತದೆ ಎಂದು ಮಕ್ಕಳು ಕೂಗುತ್ತಾರೆ. ನಾವೂ ಹಾಗೆ ಇರಬೇಕು. ಚಪ್ಪಾಳೆ. ಪಾಠ ಮುಗಿಯಿತು. ಇಷ್ಟಕ್ಕೆ ಇರುವೆ ಬೇಕೇ ಇರಲಿಲ್ಲ, ಎತ್ತನ್ನು ತೋರಿಸಿದ್ದರೂ ನಡೆಯುತ್ತಿತ್ತು.

ಅದೇ ಹೊತ್ತಿಗೆ ಹೊರಗಿನ ಮಾವಿನ ಮರದಲ್ಲಿ ಕೆಂಪಿರುವೆಗಳು, ನಮ್ಮ ಮಲೆನಾಡಿನವರ ಚಗಳಿ, ಹಸಿ ಎಲೆಗಳನ್ನು ಸೇರಿಸಿ ಗೂಡು ಹೊಲಿಯುತ್ತಿರುತ್ತವೆ. ಸಾಲಾಗಿ ನಿಂತು ಒಂದು ಎಲೆಯ ಅಂಚನ್ನು ಇನ್ನೊಂದರ ಕಡೆಗೆ ಎಳೆಯುತ್ತವೆ. ದೂರ ಹೆಚ್ಚಾದರೆ ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು ಸರಪಳಿಯಾಗುತ್ತವೆ. ಹೊಲಿಯಲು ದಾರ ಎಲ್ಲಿಂದ? ದೊಡ್ಡ ಇರುವೆಗಳ ಬಳಿ ದಾರವಿಲ್ಲ. ಅವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಮೃದುವಾಗಿ ಹಿಡಿದು ಎಲೆಯಿಂದ ಎಲೆಗೆ ಆಡಿಸುತ್ತವೆ, ಮರಿಹುಳು ಬಿಡುವ ರೇಷ್ಮೆಯೆಳೆಯಿಂದ ಗೂಡು ಹೊಲಿಗೆಯಾಗುತ್ತದೆ. ಕೂಸಿನ ನೂಲಿನಿಂದ ಮನೆ ಕಟ್ಟುವ ಈ ಜೀವವನ್ನು ಮೂರು ಮಾರು ದೂರದಲ್ಲಿ ನಿಂತು ಅರ್ಧ ಗಂಟೆ ನೋಡಿದ ಮಗು ದೇವರ ಬಗ್ಗೆ ಕೇಳುವ ಪ್ರಶ್ನೆಯ ತೂಕವೇ ಬೇರೆ. ಕೆಲವು ಮಕ್ಕಳು ದೇವರ ಬಗ್ಗೆ ಏನನ್ನೂ ಕೇಳದೆ ಇನ್ನೊಂದು ಮರದಲ್ಲಿಯೂ ಗೂಡಿದೆಯೇ ಎಂದು ಹುಡುಕಲು ಓಡಬಹುದು. ಓಡಲಿ. ಆ ಹುಡುಕಾಟವನ್ನು ಭಕ್ತಿಗೆ ಹೊರಗಿನದು ಎಂದು ತಿಳಿಯುವ ಶಿಕ್ಷಕರು ಭಕ್ತಿಯನ್ನೇ ಕಿರಿದು ಮಾಡುತ್ತಿದ್ದಾರೆ. ದೇವರು ಮಾಡಿದ ಎನ್ನುವ ಉತ್ತರ ಮೊದಲೇ ಬಂದುಬಿಟ್ಟರೆ ಹೇಗೆ ಮಾಡಿದ ಎಂಬ ಪ್ರಶ್ನೆ ಮಗುವಿನ ಗಂಟಲಲ್ಲೇ ಉಳಿಯುತ್ತದೆ.

ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಅವಧೂತ ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಹೆಸರಿಸುತ್ತಾನೆ. ಭೂಮಿ, ಗಾಳಿ, ನೀರು, ಹೆಬ್ಬಾವು, ಜೇಡ, ಪತಂಗ, ಪಾರಿವಾಳ, ಮೀನು. ಅವನ ಪಟ್ಟಿಯಲ್ಲಿ ಎಳೆಯ ಮಗುವೂ ಒಬ್ಬ ಗುರು. ಬಾಲವಿಹಾರಗಳಲ್ಲಿ ಈ ಕಥೆ ಹೇಳುತ್ತಾರೆ, ಇಪ್ಪತ್ತನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಅವಧೂತನಿಗೆ ಯಾರೂ ಪಟ್ಟಿ ಕೊಟ್ಟಿರಲಿಲ್ಲ, ಅವನು ಅಲೆದು, ನಿಂತು, ನೋಡಿ ಕಂಡುಕೊಂಡ. ಪಾಠ ಇರುವುದು ಹೆಸರುಗಳಲ್ಲಲ್ಲ, ಆ ಅಲೆದಾಟದಲ್ಲಿ. ಮಗುವನ್ನು ಅಲೆಯಲು ಬಿಡದೆ ಅವಧೂತನ ಕಥೆ ಕಲಿಸುವುದು ನನಗೆ ಒಪ್ಪಿಗೆಯಾಗದ ವಿಧಾನ.

ದುವ್ವಾಡವನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹೊರನೋಟಕ್ಕೆ ಅದು ಒಂದು ರೈಲು ಜಂಕ್ಷನ್. ವಿಶಾಖಪಟ್ಟಣಕ್ಕೆ ಹೋದರೆ ಎಂಜಿನ್ ತಿರುಗಿಸಬೇಕಾಗುತ್ತದೆಂದು ದೂರದ ಕೆಲವು ರೈಲುಗಳು ಇಲ್ಲಿಯೇ ನಿಂತು ಹೊರಟುಬಿಡುತ್ತವೆ. ಒಂದು ಕಡೆ 1971ರಲ್ಲಿ ಅಡಿಗಲ್ಲು ಬಿದ್ದ ಉಕ್ಕಿನ ಕಾರ್ಖಾನೆ, ಅದರಾಚೆ ಅಪ್ಪಿಕೊಂಡದ ಕಡಲು, ಕಡಲಂಚಿನ ಸೋಮೇಶ್ವರನ ಗುಡಿ. ಇನ್ನೊಂದು ಕಡೆ ಪೂರ್ವಘಟ್ಟದ ಬೆಟ್ಟಸಾಲು, ಅದರಲ್ಲಿ ಸಿಂಹಾಚಲ. ಬೇಸಿಗೆಯಲ್ಲಿ ರಸ್ತೆ ಬದಿಗೆ ರಾಶಿ ಹಾಕಿ ಮಾರುವ ತಾಟಿನುಂಗು. ಒಂದು ಕಾಯಿ ಕೆತ್ತಿ ಮೂರು ಕಣ್ಣು ಬಿಡಿಸಿ ತಿಂದ ಮಗು ಮೇಲೆ ನೋಡಿ, ಕಾಯಿ ಬಿಡುವ ತಾಳೆ ಬೇರೆ, ಬಿಡದ ತಾಳೆ ಬೇರೆ, ಒಂದು ಹೆಣ್ಣು ಮರ ಒಂದು ಗಂಡು ಎಂದು ಗೊತ್ತುಮಾಡಿಕೊಂಡರೆ ಆ ದಿನದ ಪಾಠ ಸಾಕು.

ಸಿಂಹಾಚಲದಲ್ಲಿ ಕಾಲಧರ್ಮವನ್ನು ದೇವರ ಮೈಮೇಲೆಯೇ ಓದಬಹುದು. ವರಾಹ ನರಸಿಂಹನ ವಿಗ್ರಹ ವರ್ಷವಿಡೀ ಗಂಧದ ಲೇಪದೊಳಗಿರುತ್ತದೆ. ಅಕ್ಷಯ ತೃತೀಯದ ಚಂದನೋತ್ಸವದಂದು ಮಾತ್ರ ಲೇಪ ತೆಗೆದು ನಿಜರೂಪದ ದರ್ಶನ. ಆಮೇಲೆ ಮತ್ತೆ ಅಂದು, ವೈಶಾಖ, ಜ್ಯೇಷ್ಠ, ಆಷಾಢದ ಹುಣ್ಣಿಮೆಗಳಂದು ನಾಲ್ಕು ಕಂತಿನಲ್ಲಿ ಒಟ್ಟು ಸುಮಾರು 500 ಕಿಲೋ ಗಂಧ ಹಚ್ಚುತ್ತಾರೆ. ಉಗ್ರನಿಗೆ ತಂಪು ಬೇಕಾಗುವುದು ಸುಡುಬಿಸಿಲಿನಲ್ಲಿ, ಲೇಪ ಹಚ್ಚಿ ಮುಗಿಯುವುದು ಮಳೆ ಹಿಡಿದ ಮೇಲೆ. ಆ ಬೆಟ್ಟದ ಸಂಪಿಗೆ, ಹಲಸು, ಅನಾನಸು ಹೆಸರಾದವು. ಗಂಧದ ಮರ ಬೇರೆ ಗಿಡಗಳ ಬೇರಿನಿಂದ ಆಹಾರ ಹೀರಿ ಬದುಕುವ ಜೀವ, ಅದು ಒಂಟಿಯಾಗಿ ಬೆಳೆಯಲಾರದು ಎಂಬುದನ್ನು ಇಲ್ಲಿಯೇ ಹೇಳಬಹುದು. ಆದರೆ ಜಾತ್ರೆಯ ದಿನ ಚಿಕ್ಕ ಮಕ್ಕಳನ್ನು ಕರೆದೊಯ್ಯಬಾರದು. 2025ರ ಏಪ್ರಿಲ್ 30ರಂದು ಇದೇ ಚಂದನೋತ್ಸವದ ಸರತಿಯ ಬಳಿ ಮಳೆಗೆ ಗೋಡೆ ಕುಸಿದು ಏಳು ಭಕ್ತರು ಸತ್ತರು. ಬೇರೊಂದು ದಿನದ ಮುಂಜಾನೆ ಬೆಟ್ಟದ ಬುಡದಲ್ಲಿ ಕುಳಿತರೆ ಸಾಕು.

ಕನ್ನಡಿಗರಿಗೆ ಈ ನೆಲ ಪರಕೀಯವೇನಲ್ಲ. ಕೃಷ್ಣದೇವರಾಯ 1516ರಲ್ಲಿ ಸಿಂಹಾಚಲಕ್ಕೆ ಬಂದಿದ್ದ. ಅದಕ್ಕೂ ಮೊದಲು, 13ನೇ ಶತಮಾನದ ಕೊನೆಯಲ್ಲಿ, ಮಧ್ವಾಚಾರ್ಯರ ಶಿಷ್ಯ ನರಹರಿತೀರ್ಥರು ಕಳಿಂಗದ ಆಡಳಿತದಲ್ಲಿದ್ದರು, ಶ್ರೀಕೂರ್ಮಂನಲ್ಲಿ ಅವರ ಶಾಸನವಿದೆ. ಕನ್ನಡ ಹರಿದಾಸ ಪರಂಪರೆ ತನ್ನ ಮೊದಲಿಗರಲ್ಲಿ ಎಣಿಸುವ ಯತಿ ಅವರು. ಆ ಶ್ರೀಕೂರ್ಮಂ ದೇವಾಲಯದ ಆವರಣದಲ್ಲಿ ಇಂದಿಗೂ ನಕ್ಷತ್ರ ಆಮೆಗಳನ್ನು ಸಾಕುತ್ತಾರೆ. ಕಳ್ಳಸಾಗಣೆಗೆ ಸಿಕ್ಕಿ ನಲುಗಿರುವ ಆ ಜೀವಿಗೆ 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ರಕ್ಷಣೆ ಸಿಕ್ಕಿತು. ಕೂರ್ಮಾವತಾರದ ಕಥೆ, ಕಣ್ಣೆದುರಿನ ಆಮೆ, ಅದನ್ನು ಮಾರುವ ಮನುಷ್ಯ, ಮೂರೂ ಒಂದೇ ಅಂಗಳದಲ್ಲಿ. ವಿಶಾಖಪಟ್ಟಣದ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಇಡುವ ಮೊಟ್ಟೆಗಳನ್ನು ಅರಣ್ಯ ಇಲಾಖೆ ಬೇಲಿ ಕಟ್ಟಿ ಕಾಯುತ್ತದೆ. 45ರಿಂದ 60 ದಿನಕ್ಕೆ ಮರಿ ಹೊರಬರುತ್ತವೆ, ಬೇಸಿಗೆಯ ಆರಂಭದಲ್ಲಿ ಅವನ್ನು ಕಡಲಿಗೆ ಬಿಡುವುದನ್ನು ನೋಡಬಹುದು. ಇಷ್ಟನ್ನೂ ಬಿಟ್ಟು ಅಲಾಸ್ಕ ಏಕೆ?

ನಂಬಿಕೆಗೆ ಪ್ರಕೃತಿಯನ್ನು ಕಾಯುವ ಶಕ್ತಿ ಇದೆ ಎನ್ನಲು ಕೊಡಗಿನ ದೇವರಕಾಡುಗಳೇ ಸಾಕ್ಷಿ. ಅವು ಸಾವಿರಕ್ಕೂ ಹೆಚ್ಚು. ಕಾಸರಗೋಡಿನ ಕಾವುಗಳು, ತುಳುನಾಡಿನ ನಾಗಬನಗಳು ಕೂಡ ಹಾಗೆಯೇ ಉಳಿದವು. ಅಲ್ಲಿ ಮಗುವಿಗೆ ಮೊದಲು ಸಿಗುವ ಪಾಠ ಕಡ್ಡಿ ಮುರಿಯಬೇಡ ಎಂಬ ಎಚ್ಚರಿಕೆ. ಭಯದ ಆ ಪಾಠ ಕಾಡನ್ನು ಶತಮಾನಗಳ ಕಾಲ ಉಳಿಸಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಭಯ ಕರಗಿದ ಕಡೆ ನಾಗಬನಕ್ಕೆ ಕಾಂಕ್ರೀಟಿನ ಕಟ್ಟೆ, ಗ್ರಾನೈಟು, ತಗಡಿನ ಮಾಡು ಬಂದಿವೆ. ಮರ ಹೋಗಿ ಕಲ್ಲಷ್ಟೇ ಉಳಿದಿದೆ. ಬನದ ಮರ, ಬಳ್ಳಿ, ತರಗೆಲೆಯ ಕೆಳಗಿನ ಒದ್ದೆ ಮಣ್ಣು ಯಾರಿಗೆ ಪರಿಚಯವಿತ್ತೋ ಅವರು ಇದನ್ನು ತಡೆಯುತ್ತಿದ್ದರು. ಪೂಜೆಯ ವಿಧಿ ಮಾತ್ರ ಕಲಿತವರಿಗೆ ಮರ ಹೋದದ್ದು ತಿಳಿಯಲೇ ಇಲ್ಲ. ಶಿಬಿರಗಳ ಹೊಣೆ ಇಲ್ಲಿಯೇ ಇದೆ.

ದೇವರನ್ನು ನಂಬದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಬೆರಗನ್ನು ಕಲಿಸಿದರು. ದೇವರನ್ನು ನಂಬಿದ್ದ ಮಾರಿಯಾ ಮಾಂಟೆಸರಿ ಯುದ್ಧಕಾಲದಲ್ಲಿ ಕೊಡೈಕನಾಲಿನಲ್ಲಿ ಉಳಿದು, ಎಲೆ, ಹುಳು, ನೀರುಗಳನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. ಇಬ್ಬರೂ ಮಗುವಿನ ಕಣ್ಣನ್ನು ನಂಬಿದವರು. ನಮ್ಮ ಶಿಬಿರಗಳು ಮಗುವಿನ ನಾಲಗೆಯನ್ನು ಮಾತ್ರ ನಂಬುತ್ತವೆ. ಎಷ್ಟು ಶ್ಲೋಕ, ಎಷ್ಟು ವಾಕ್ಯ ಬಾಯಿಗೆ ಬಂತು ಎಂಬುದೇ ಲೆಕ್ಕ, ಅದಕ್ಕೇ ಬಹುಮಾನ.

ಯಾರಿಗೆ ಬಾಗಿಲು ತೆರೆದಿದೆ ಎಂಬುದನ್ನೂ ನೋಡಬೇಕು. ವಿ.ಬಿ.ಎಸ್. ಎಲ್ಲ ಮನೆಯ ಮಕ್ಕಳನ್ನೂ ಕರೆಯುತ್ತದೆ. ಅದು ಅದರ ಔದಾರ್ಯ. ಹಾಗೆ ಕರೆಯುವಾಗ ಇಲ್ಲಿ ಬೈಬಲ್ ಪಾಠ ಇರುತ್ತದೆ ಎಂದು ತಂದೆತಾಯಿಗೆ ಮೊದಲೇ ಬಾಯಿಬಿಟ್ಟು ಹೇಳುವುದು ಅದರ ಕರ್ತವ್ಯ. ಪ್ರಕೃತಿಯ ಹೆಸರಿಟ್ಟು ಉಪದೇಶ ಮಾಡಿದರೆ ಎರಡಕ್ಕೂ ಅಪಚಾರ. ವೇದಶಿಬಿರಗಳ ದೋಷ ಇದಕ್ಕೆ ವಿರುದ್ಧವಾದದ್ದು. ಹೆಚ್ಚಿನ ಕಡೆ ಉಪನಯನವಾದ ಗಂಡುಮಕ್ಕಳಿಗೆ ಮಾತ್ರ ಅಲ್ಲಿ ಜಾಗ. ಸೂರ್ಯನಿಗೆ ಅರ್ಘ್ಯ ಕೊಡುವುದನ್ನು ಅಣ್ಣ ಕಲಿಯುವಾಗ ತಂಗಿ ಮನೆಯಲ್ಲಿರುತ್ತಾಳೆ. ಸೂರ್ಯ, ನದಿ, ಮರಗಳ ಪರಿಚಯಕ್ಕೆ ಈ ಅಡ್ಡಗೋಡೆ ಸಲ್ಲದು.

ಇನ್ನು ಬಿಸಿಲು. ಕಡಲತೀರದ ಮೇ ತಿಂಗಳಿನಲ್ಲಿ ಆರು ವರ್ಷದ ಮಗುವನ್ನು ಹತ್ತು ಗಂಟೆಯ ಮೇಲೆ ಹೊರಗೆ ನಿಲ್ಲಿಸುವುದು ತಪ್ಪು. ಒಂಬತ್ತರಿಂದ ಒಂದು ಗಂಟೆಯವರೆಗೆ ಎಂಬ ರೂಢಿಯ ಸಮಯವೇ ಮಕ್ಕಳನ್ನು ಒಳಗೆ ಕೂಡಿಹಾಕುತ್ತಿದೆ. ಆರೂವರೆಗೆ ಆರಂಭಿಸಿ ಒಂಬತ್ತಕ್ಕೆ ಮಜ್ಜಿಗೆ ಕುಡಿಸಿ ಒಳಗೆ ಕರೆದುಕೊಂಡರೆ ಹಾಡು, ಕಥೆಗಳಿಗೆ ಆಮೇಲೆಯೂ ಬೇಕಾದಷ್ಟು ವೇಳೆ ಇದೆ. ಬಿಸಿಲಿನ ಜತೆಗೆ ಗಾಳಿಯ ಮಾತೂ ಇದೆ. ವಿಶಾಖಪಟ್ಟಣ 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತದಲ್ಲಿ ತನ್ನ ಮರಗಳನ್ನು ಕಳೆದುಕೊಂಡಿದೆ. 2020ರ ಮೇ 7ರ ನಸುಕಿನಲ್ಲಿ ಆರ್.ಆರ್. ವೆಂಕಟಾಪುರದ ಕಾರ್ಖಾನೆಯಿಂದ ಸ್ಟೈರೀನ್ ಎಂಬ ವಿಷಾನಿಲ ಸೋರಿ 12 ಜನ ಸತ್ತಿದ್ದಾರೆ. ಎಳೆಯರಿಗೆ ಇದನ್ನು ಹೇಳಿ ಹೆದರಿಸುವುದು ಬೇಡ. ಆದರೆ ಗಾಳಿ ದೇವರ ಕೊಡುಗೆ ಎಂದು ಹಾಡಿಸುವ ಹಿರಿಯರು, ಆ ಗಾಳಿಯನ್ನು ಕೆಡಿಸುವವರ ಬಗ್ಗೆ ತಾವು ಏನು ಮಾತಾಡಿದ್ದೇವೆ ಎಂದು ಯೋಚಿಸಬೇಕು.

ಒಟ್ಟಾರೆ ನನ್ನ ತೀರ್ಪು ಇದು: ಶಿಶುಪಾಲನೆಯಾಗಿ ಈ ಶಿಬಿರಗಳು ಉಪಕಾರಿ, ಧರ್ಮಪಾಠವಾಗಿ ಸಾಧಾರಣ, ಪ್ರಕೃತಿಪಾಠವಾಗಿ ಸದ್ಯಕ್ಕೆ ಹೆಸರಿಗೆ ಮಾತ್ರ. ದುವ್ವಾಡದಲ್ಲಿರಲಿ, ದಾವಣಗೆರೆಯಲ್ಲಿರಲಿ, ಮುಂದಿನ ಬೇಸಿಗೆಯಲ್ಲಿ ಮಗುವಿನ ಹೆಸರು ಬರೆಸುವ ಮೊದಲು ಪಾಲಕರು ನಡೆಸುವವರನ್ನು ಎರಡು ಮಾತು ಕೇಳಬೇಕು. ದಿನಕ್ಕೆ ಎಷ್ಟು ಹೊತ್ತು ಮಕ್ಕಳು ಮರದ ಕೆಳಗಿರುತ್ತಾರೆ? ಆ ಮರ ಯಾವುದೆಂದು ಕಲಿಸುವವರಿಗೆ ಗೊತ್ತೇ? ಎರಡಕ್ಕೂ ಸರಿಯಾದ ಉತ್ತರ ಕೊಡುವ ಶಿಬಿರ ಯಾವ ಧರ್ಮದ್ದೇ ಆಗಿರಲಿ, ಮಗುವನ್ನು ಕಳಿಸಿ.